ಹಾಯ್ದದ್ದು ಹೋರಿಯಲ್ಲ

ಸೋಮವಾರ, ಬೆಳಿಗ್ಗೆ ಆರು ಗಂಟೆ. ಬೆಟ್ಟದಪುರದ ನಮ್ಮ ಕೊಟ್ಟಿಗೆಯ ಮುಂದೆ ನಾನು, ನೀನು, ನಿನ್ನ ಮಗಳು ಗೌರಿ.

ಸಾಕಮ್ಮ, ಅಂದು ನಿನಗೆ ಹೋರಿ ಹಾಯಲಿಲ್ಲ. ಹಾಯಿತೆಂದು ಪಂಚರ ಮುಂದೆ ಸುಳ್ಳು ಹೇಳಿದವನು ನಾನು. ನಿನಗೆ ಇದು ಗೊತ್ತಿತ್ತು — ಇಂದು ಮಧ್ಯಾಹ್ನದವರೆಗೆ ನನ್ನ ಬಾಯಿಂದ ಕೇಳಿರಲಿಲ್ಲ, ಅಷ್ಟೆ. ನಿನಗೆ ಗೊತ್ತಿಲ್ಲದ್ದು ಅದಕ್ಕೂ ಹಿಂದಿನದು. ನಿನಗೆ ಓದು ಬಾರದು. ಆದರೂ ನಿನಗೇ ಬರೆಯುತ್ತಿದ್ದೇನೆ.

ನಿನ್ನ ಗಂಡ ಜವರನೂ ನಾನೂ ಮೀಸೆ ಚಿಗುರುವ ಮೊದಲೇ ಕಾಕನಕೋಟೆಯಿಂದ ಹುಣಸೂರಿಗೆ ಮರ ಸಾಗಿಸುವ ಗಾಡಿಗಳಿಗೆ ಆಳಾಗಿ ಸೇರಿದವರು. ಹೊಸ ಹೋರಿ ಪಳಗಿಸುವುದು ನಮ್ಮ ಕೆಲಸ. ಹಳೆಯ ಎತ್ತಿನ ಪಕ್ಕದಲ್ಲಿ ಹೊಸದನ್ನು ಹೂಡಬೇಕು. ಹಳೆಯದು ನಡೆದಂತೆ ಅದೂ ನಡೆಯುತ್ತದೆ. ಆದರೆ ಹೂಡುವ ಮುಂಚೆ, ಅದು ಏನೂ ತಪ್ಪು ಮಾಡದೆ ಸುಮ್ಮನೆ ನಿಂತಿರುವಾಗ, ಒಂದು ಏಟು ಬಿಗಿಯಬೇಕು. ಮೊದಲ ಏಟು ಎನ್ನುತ್ತಿದ್ದರು ಅದಕ್ಕೆ. ಜವರನಿಗೆ ಕೈ ಏಳುತ್ತಿರಲಿಲ್ಲ. ಹೋರಿಯ ಕೊರಳಡಿ ಜೋಲುವ ಗಂಗೆದೊಗಲು ಸವರುತ್ತ ನಿಂತುಬಿಡುತ್ತಿದ್ದ.

"ಏನ್ಲಾ ಜವರ, ಮದ್ವೆ ಆಗೀಯಾ ಅದನ್ನ? ಒಡಿಯೋ, ಎಣ್ಣಿಗ!"

ಇದು ನನ್ನ ಮಾತು. ಒಂದು ದಿನ ಹೊಡೆದ. ಕಣ್ಣಲ್ಲಿ ನೀರಿತ್ತು, ನಾನು ನಕ್ಕೆ, ಅವನೂ ನಕ್ಕ. ಆಮೇಲೆ ಗಾಡಿಯ ನೆರಳಲ್ಲಿ ಕೂತಾಗ ಒಂದು ಮಾತು ಬಂತು — "ನಾಳೆ ಎಂಡ್ತೀಗೂ ಅಷ್ಟೆ ಬುಡು, ಮೊದ್ಲೇಟು ಬಿದ್ರೆ ಸರಿಯಾಯ್ತಳೆ."

ಆಡಿದವನು ಅವನೋ, ನಾನೋ? ಏಳುವ ಹೊತ್ತು, ಉಣ್ಣುವ ಹೊತ್ತು, ಹಗ್ಗ ನೇತುಹಾಕುವ ಗೂಟ — ನನ್ನ ಬಾಳಿನಲ್ಲಿ ಎಲ್ಲಕ್ಕೂ ಜಾಗವಿದೆ. ಈ ಮಾತೊಂದು ಮಾತ್ರ ಎಲ್ಲಿಟ್ಟರೂ ಕೂರುವುದಿಲ್ಲ. ಕೆಲವು ದಿನ ಅವನ ದನಿಯಲ್ಲಿ ಕೇಳುತ್ತದೆ, ಕೆಲವು ದಿನ ನನ್ನದರಲ್ಲಿ. ನಮ್ಮಿಬ್ಬರಲ್ಲಿ ಹಳೆಯ ಎತ್ತು ಯಾರು — ಗೊತ್ತಿಲ್ಲ. ಹಿರಿಯ ನಾನೇ.

ನೀನೇ ಬೇಕೆಂದು ಅವನು ನಿನ್ನೂರು ಅಂತರಸಂತೆಯಲ್ಲಿ ಗಾಡಿ ಹೂಡದೆ ನಿನ್ನಪ್ಪ ಒಪ್ಪುವವರೆಗೆ ಕೂತಿದ್ದ. ಅಂಥವನು ಮದುವೆಯಾದ ತಿಂಗಳೊಳಗೆ, ನೀನು ಬುತ್ತಿ ತಂದಿಟ್ಟು ಸುಮ್ಮನೆ ನಿಂತಿದ್ದಾಗ, ಬಾರುಕೋಲಿನ ಹಿಡಿಯಿಂದ ನಿನ್ನ ಕಿವಿಯ ಮೇಲೆ ಹೊಡೆದ. ಹೊಡೆದು ನನ್ನತ್ತ ನೋಡಿದ. ಶಭಾಸ್ ಎನ್ನಲಿ ಎಂದೋ, ತಡೆಯಲಿ ಎಂದೋ — ಇಂದಿಗೂ ತಿಳಿಯದು. ನಾನು ಹೋರಿಯ ಹಗ್ಗ ಹಿಡಿದು ನಿಂತೇ ಇದ್ದೆ.

ನಿನ್ನ ಎಡಗಿವಿ ಹೋಯಿತು. ನೀನು ತವರು ಸೇರಿದೆ, ಪಂಚರು ಕೂತರು. "ಹೋರಿ ಹಾಯ್ತು, ನಾ ಕಂಡೆ" ಎಂದೆ ನಾನು. ಗೆಳೆಯನನ್ನು ಉಳಿಸಿದೆ ಎಂದುಕೊಂಡೆ. ಹೋರಿಯನ್ನು ಕಟುಕನಿಗೆ ಮಾರಿದರು. ನಿನ್ನನ್ನು ಅವನ ಮನೆಗೆ ಮರಳಿ ಕಳಿಸಿದರು. ಅವನು ಸಾಯುವವರೆಗೆ ನಿನಗೆ ಬಿದ್ದ ಪ್ರತಿ ಏಟಿಗೂ ನನ್ನ ಆ ಮಾತೇ ಅಪ್ಪಣೆ.

ಇಂದು ಬೆಳಿಗ್ಗೆ ನೀನು ಕರೆತಂದಾಗ ಗೌರಿಯ ಮುಂಗೈ ಊದಿತ್ತು. ಗಾಡಿಯಿಂದ ಬಿದ್ದಳೆಂದು ನಿನ್ನ ಅಳಿಯನ ವಾದ. ಸೋಮವಾರ ಎತ್ತಿಗೆ ನೊಗವಿಲ್ಲ; ಜನ ಬಿಡುವಾಗಿರುತ್ತಾರೆ, ನ್ಯಾಯವೂ ಅಂದೇ ಸೇರುತ್ತದೆ. "ನೀವ್ ಬಂದು ಒಂದ್ ಮಾತಾಡ್ರಣ್ಣ. ಇಲ್ದಿದ್ರೆ ಮಗೀನ ಅಲ್ಲಿಗೇ ಕಳಿಸ್ಬುಡ್ತಾರೆ" ಎಂದೆ ನೀನು.

ನ್ಯಾಯದಲ್ಲಿ ಅಳಿಯನ ಗೆಳೆಯನೊಬ್ಬ ಎದ್ದ. "ಬಿದ್ದಿದ್ದು ದಿಟ, ನಾ ಕಂಡೆ" ಎಂದ. ಅವನ ಮುಖ ನೋಡಿದೆ — ಎಷ್ಟು ಚಿಕ್ಕವನು! ಆಮೇಲೆ ನಾನು ಎದ್ದು ಹೋರಿಯ ವಿಷಯ ಹೇಳಿದೆ. ಎಲ್ಲರ ಮುಂದೆ.

ಪಂಚರಲ್ಲೊಬ್ಬರು ನಕ್ಕರು. "ಯಜಮಾನ್ರೇ, ಅವತ್ತು ಸುಳ್ಳಾಡ್ದೋರು ಇವತ್ತು ದಿಟ ಆಡ್ತೀರಿ ಅಂತ ಎಂಗ್ ನಂಬದು?"

ಆದರೆ ಆ ಹುಡುಗ ತಲೆ ತಗ್ಗಿಸಿದ. ಎರಡನೆಯ ಬಾರಿ ಕೇಳಿದಾಗ "ಕಂಡೆ" ಎನ್ನಲಿಲ್ಲ. ಸದ್ಯಕ್ಕೆ ಗೌರಿ ತಾಯಿಯ ಬಳಿ ಇರಲಿ ಎಂದರು ಪಂಚರು. ಮುಂದೇನೋ ತಿಳಿಯದು.

ಹಿಂದಿರುಗುವಾಗ ದಾರಿಯುದ್ದಕ್ಕೂ ನೀನು ಗೌರಿಯೊಡನೆ ಮುಂದೆ ನಡೆದೆ. ನನ್ನ ಮನೆಯ ಮುಂದೆ ನಿಂತು ಕೇಳಿದ್ದು ಒಂದೇ.

"ಆ ಹೋರಿ ಏನ್ ಮಾಡಿತ್ತಣ್ಣ, ಪಾಪ?"

ನೀನು ಗೌರಿಯ ಕೈ ಹಿಡಿದು ಹೊರಟೆ.

ಸಂಜೆ ಹಳೆಯ ಎತ್ತಿಗೂ ಮೊನ್ನೆ ತಂದ ಹೋರಿಗೂ ನೀರು ತೋರಿಸಿದೆ, ಹುಲ್ಲು ಹಾಕಿದೆ. ಹೋರಿಯನ್ನು ನಾಳೆ ಹೂಡಬೇಕು, ಏಟಿಲ್ಲದೆ ಹೂಡುತ್ತೇನೆ. ಕೊಟ್ಟಿಗೆಯ ಅಗುಳಿ ಹಾಕಿದೆ.