ವೈರು ಚುಚ್ಚದ ಗಿಟಾರ್

ತರಾಜ್ ಊರಿನ ಮದುವೆ ಹಾಲ್‌ಗಳಲ್ಲಿ ತೊಕ್ತಾರ್ ಗಿಟಾರ್ ನುಡಿಸುತ್ತಾನೆ ಎಂದು ಜನ ನಂಬಿದ್ದಾರೆ. ನುಡಿಸುವುದಿಲ್ಲ, ಹಿಡಿದುಕೊಂಡು ನಿಲ್ಲುತ್ತಾನೆ. ಹಾಡು, ಡ್ರಮ್ಮು, ಗಿಟಾರು ಎಲ್ಲವೂ ಲ್ಯಾಪ್‌ಟಾಪಿನಿಂದ ಬರುತ್ತವೆ. ಅವನ ಗಿಟಾರಿನಿಂದ ಹೊರಟ ವೈರು ವೇದಿಕೆಯ ರತ್ನಗಂಬಳಿಯ ಕೆಳಗೆ ನುಸುಳಿ ಅಲ್ಲೇ ಮುಗಿದುಹೋಗುತ್ತದೆ. ಆದರೂ ಅವನು ಕಣ್ಣು ಮುಚ್ಚಿ, ಕತ್ತು ಕೊಂಕಿಸಿ, ಹಲ್ಲುನೋವಿನವನಂತೆ ಮುಖ ಹಿಂಡುತ್ತಾನೆ. ಮದುಮಗಳ ಚಿಕ್ಕಮ್ಮಂದಿರು ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ.

ಅವನ ಹೆಂಡತಿ ರೌಶಾನಳಿಗೆ ಈ ವೈರಿನ ಗುಟ್ಟು ಗೊತ್ತಾದದ್ದು ಯಾರದೋ ಮದುವೆಯಲ್ಲಿ, ಕೆಳಗೆ ಬಿದ್ದ ಕಿವಿಯೋಲೆ ಹುಡುಕಲು ಬಗ್ಗಿದಾಗ. ಅಂದಿನಿಂದ ಅವಳ ನಾಲಿಗೆ ಹರಿತವಾಯಿತು. ಅದಕ್ಕೆ ಕಾರಣವೂ ಇತ್ತು. ಸಕ್ಕರೆ ಕಾರ್ಖಾನೆಯಲ್ಲಿ ಅವಳು ಚೀಲ ಹೊಲಿಯುತ್ತಿದ್ದ ಕಾಲದಲ್ಲಿ ಕಾರ್ಖಾನೆಯ ಕ್ಲಬ್ಬಿನಲ್ಲಿ ತೊಕ್ತಾರ್ ನಿಜವಾಗಿ ನುಡಿಸುತ್ತಿದ್ದ. ಅವನೇ ಕಟ್ಟಿದ ಒಂದು ಧಾಟಿಯಿತ್ತು. ಏರುತ್ತ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ತಟಕ್ಕನೆ ಕೆಳಗಿಳಿಯುವಂಥದ್ದು. ಆ ಇಳಿತಕ್ಕೆ ಮನಸೋತು ಅವಳು ಜೀಪು ಇದ್ದ ಪಶುವೈದ್ಯನನ್ನು ಬೇಡವೆಂದು ಇವನನ್ನು ಕಟ್ಟಿಕೊಂಡಳು. ಅದನ್ನು ಮತ್ತೊಮ್ಮೆ ಕೇಳಬೇಕೆಂಬ ಆಸೆ ಅವಳಿಗೆ ಹೋಗಿರಲಿಲ್ಲ. ಕೇಳಿದಾಗಲೆಲ್ಲ ತೊಕ್ತಾರನ ಉತ್ತರ ಒಂದೇ: ಒಳ್ಳೆಯ ಆಂಪ್ಲಿಫೈಯರ್ ಬರಲಿ, ಲ್ಯಾಪ್‌ಟಾಪ್ ಎತ್ತಿ ಬಿಸಾಕಿ ನಾನೇ ನುಡಿಸುತ್ತೇನೆ.

ಆ ಆಂಪ್ಲಿಫೈಯರ್ ಎಲ್ಲಿಂದ ಬರಬೇಕೆಂಬುದೇ ತೀರ್ಮಾನವಾಗಲಿಲ್ಲ. ವರ್ಷಗಟ್ಟಲೆ ಮೀನಮೇಷ ಎಣಿಸಿದ. ಜರ್ಮನಿಯಿಂದ ತರಿಸೋಣವೆಂದರೆ ದಾರಿಯಲ್ಲಿ ಕುಲುಕಿ ಒಳಗಿನದು ಸಡಿಲವಾದರೆ ಯಾರನ್ನು ಕೇಳುವುದು ಎನ್ನುತ್ತಿದ್ದ. ಇಲ್ಲೇ ಬಜಾರಿನ ಪಕ್ಕದ ಅಂಗಡಿಯಲ್ಲಿ ತಗೋ ಎಂದರೆ, ನಮ್ಮ ದೇಶಕ್ಕೆ ಕಳಿಸುವ ಮಾಲೇ ಬೇರೆ, ಒಳ್ಳೆಯದನ್ನೆಲ್ಲ ಅವರೇ ಇಟ್ಟುಕೊಳ್ಳುತ್ತಾರೆ ಎಂದು ಮೂಗು ಮುರಿಯುತ್ತಿದ್ದ. ಹೊರದೇಶದ ಪರ ಮಾತಾಡಿದವರ ಮುಂದೆ ಅವನಷ್ಟು ದೇಶಭಕ್ತ ಇನ್ನೊಬ್ಬನಿರಲಿಲ್ಲ. ಸ್ಥಳೀಯದ ಪರ ಮಾತಾಡಿದವರ ಮುಂದೆ ಬರ್ಲಿನ್ನಿನಲ್ಲೇ ಹುಟ್ಟಿದವನಂತೆ ಆಡುತ್ತಿದ್ದ. ಪಕ್ಕದ ಮನೆಯವರು ಇವನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯತೊಡಗಿದರು.

ಕೊನೆಗೆ ರೌಶಾನಳೇ ಒಂದು ದಿನ ಸಂತೆಗೆ ಹೋದವಳು ಬಜಾರಿನ ಅಂಗಡಿಗೆ ನುಗ್ಗಿ, ಹಲ್ಲು ಕಟ್ಟಿಸಿಕೊಳ್ಳಲು ಕೂಡಿಟ್ಟಿದ್ದನ್ನು ಅಲ್ಲಿ ಸುರಿದು, ಅವನು ಯಾವಾಗಲೂ ಜಪಿಸುತ್ತಿದ್ದ ಆಂಪ್ಲಿಫೈಯರನ್ನೇ ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದಳು. ತೊಕ್ತಾರನ ಮುಖ ಇಂಗು ತಿಂದ ಮಂಗನಂತಾಯಿತು. ಪೆಟ್ಟಿಗೆಯ ಸುತ್ತ ಪ್ರದಕ್ಷಿಣೆ ಹಾಕಿದ. ಜರ್ಮನಿಯದಾಗಿದ್ದರೆ ಸ್ಪೀಕರಿನ ಮುಂದಿನ ಬಟ್ಟೆ ಇನ್ನೂ ಗಟ್ಟಿ ಇರುತ್ತಿತ್ತು ಎಂದ. ಹೊರಗಿನ ಚಳಿಯಿಂದ ಬಂದದ್ದು, ಕೆಲವು ದಿನ ಮನೆಯ ಬಿಸಿಗೆ ಹೊಂದಿಕೊಳ್ಳಬೇಕು ಎಂದ. ಆಮೇಲೆ ಮನೆಯ ಕರೆಂಟು ಶುದ್ಧವಿಲ್ಲ ಎಂದ. ಪೆಟ್ಟಿಗೆಗೆ ಒಂದು ಮೇಜುಬಟ್ಟೆ ಹೊದಿಸಲಾಯಿತು.

"ಹೆಣಕ್ಕೆ ಹೊದಿಸ್ದಂಗಿದೆ," ಎಂದಳು ರೌಶಾನ್.

ಅದೇ ವಾರ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಗಂಡ ಫೋನಿನಲ್ಲಿ ಪಿಸುಗುಟ್ಟುವುದು ಅವಳ ಕಿವಿಗೆ ಬಿತ್ತು. ಆ ಕಡೆಯಲ್ಲಿದ್ದವನು ಅವನ ಅಕ್ಕ ಕುಲ್ಯಾಶಳ ಮಗ ಎರ್ಮೆಕ್, ಹೆದ್ದಾರಿಯಲ್ಲಿ ಲಾರಿ ಚಾಲಕರ ಊಟದ ಹೋಟೆಲು ಇಟ್ಟವನು. ಅವರ ಪದ್ಧತಿಯಲ್ಲಿ ಸೋದರಳಿಯ ಬಾಯಿಬಿಟ್ಟು ಕೇಳಿದ ಮೂರು ವಸ್ತುಗಳಿಗೆ ಸೋದರಮಾವ ಇಲ್ಲವೆನ್ನುವಂತಿಲ್ಲ. ಇಲ್ಲವೆಂದರೆ ಮನೆತನಕ್ಕೇ ಅವಮಾನ. ಎರ್ಮೆಕ್ ಹಿಂದೆ ಒಂದು ಕುದುರೆಮರಿ, ಒಂದು ಚರ್ಮದ ಕೋಟು ಕೇಳಿ ಒಯ್ದಿದ್ದ.

"ನಿಂದು ಇನ್ನೊಂದು ಬಾಕಿ ಇದೆಯಲ್ಲೋ," ಎನ್ನುತ್ತಿದ್ದ ತೊಕ್ತಾರ್. "ಭಾನುವಾರ ಊಟಕ್ಕೆ ಬಾ, ಅಮ್ಮನ್ನೂ ಕರ್ಕೊಂಡು ಬಾ. ಮೂಲೇಲಿ ಒಂದು ಪೆಟ್ಟಿಗೆ ಇರುತ್ತೆ. ಎಲ್ಲರ ಮುಂದೆ ಕೇಳು. ನಿನ್ನ ಹೋಟ್ಲಲ್ಲಿ ಮೈಕಿಗಾದ್ರೂ ಆಗುತ್ತೆ."

ರೌಶಾನಳ ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲ ಅಲ್ಲೇ ನಿಂತಿತು. ಇಷ್ಟು ವರ್ಷ ಗಂಡನಿಗೆ ಪೆಟ್ಟಿಗೆ ಎಲ್ಲಿ ಕೊಳ್ಳುವುದೆಂಬ ಗೊಂದಲ ಎಂದುಕೊಂಡಿದ್ದಳು. ಗೊಂದಲವಲ್ಲ, ಅದು ಭಯ. ಪೆಟ್ಟಿಗೆ ಬಂದರೆ ನುಡಿಸಬೇಕಾಗುತ್ತದೆ, ನುಡಿಸಿದರೆ ಗೊತ್ತಾಗಿಬಿಡುತ್ತದೆ. ಅವಳಿಗೆ ಮೈಯೆಲ್ಲ ಉರಿಯಿತು. ಕರುಣೆ ಅನ್ನುವುದು ಅವಳ ಹತ್ತಿರವೂ ಸುಳಿಯಲಿಲ್ಲ.

ಭಾನುವಾರ ಕುದುರೆಮಾಂಸ ಬೆಂದಿತು, ಹಿಟ್ಟಿನ ಹಾಳೆಗಳ ಮೇಲೆ ಹರಡಿ ದೊಡ್ಡ ತಟ್ಟೆಯಲ್ಲಿ ಬಂದಿತು. ಕುಲ್ಯಾಶ್ ಹಿರಿಯರಿಗೆ ಮೀಸಲಾದ ಜಾಗದಲ್ಲಿ ಕೂತಿದ್ದಳು. ಎರ್ಮೆಕ್ ಬೆವರುತ್ತ, ಪಾಠ ಒಪ್ಪಿಸುವ ಹುಡುಗನಂತೆ ಎದ್ದು ನಿಂತು, ಅಳಿಯನ ಹಕ್ಕಿನಿಂದ ಮಾಮನ ಆಂಪ್ಲಿಫೈಯರ್ ಕೇಳುತ್ತಿದ್ದೇನೆ ಎಂದ. ತೊಕ್ತಾರ್ ಎದೆ ಮುಟ್ಟಿಕೊಂಡು ನಿಟ್ಟುಸಿರಿಟ್ಟ. ಕರುಳು ಕಿತ್ತು ಕೊಟ್ಟಂತಾಗುತ್ತದೆ, ಆದರೆ ಪದ್ಧತಿ ಪದ್ಧತಿಯೇ ಎಂದ. ವೇದಿಕೆಯ ಮೇಲಿನ ಅದೇ ಹಲ್ಲುನೋವಿನ ಮುಖ. ಕುಲ್ಯಾಶ್ ಹೆಮ್ಮೆಯಿಂದ ತಲೆದೂಗಿದಳು.

"ಕೊಡೋಣ," ಎಂದಳು ರೌಶಾನ್, ಚಹಾ ಬಗ್ಗಿಸುತ್ತ. "ಆದ್ರೆ ಕುದುರೇನ ಓಡಿಸಿ ತೋರಿಸ್ದೆ ಕೊಟ್ಟವರನ್ನ ನಾನು ನೋಡಿಲ್ಲ. ಯಜಮಾನ್ರೇ, ಒಂದ್ಸಲ ನುಡಿಸಿ. ಕ್ಲಬ್ಬಿನ ಧಾಟಿ."

ತೊಕ್ತಾರ್ ಕರೆಂಟಿನ ರಾಗ ಎಳೆದ. ಕುಲ್ಯಾಶಳೇ ಎದ್ದು ಮೇಜುಬಟ್ಟೆ ತೆಗೆದಳು. ತಮ್ಮನ ಕೈಚಳಕ ನೋಡಿ ಎಷ್ಟು ಕಾಲವಾಯಿತು ಎಂದಳು. ಇನ್ನು ದಾರಿಯಿರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ವೈರಿನ ಇನ್ನೊಂದು ತುದಿ ಏನಕ್ಕಾದರೂ ಚುಚ್ಚಿಕೊಂಡಿತು.

ಪೆಟ್ಟಿಗೆ ನಿಜಕ್ಕೂ ಒಳ್ಳೆಯದು. ಒಂದು ತಪ್ಪನ್ನೂ ಮುಚ್ಚಿಡಲಿಲ್ಲ. ಬೆರಳು ಜಾರಿದ್ದು, ತಂತಿ ಬುಸುಗುಟ್ಟಿದ್ದು, ಏರುವಲ್ಲಿ ಎಡವಿದ್ದು ಎಲ್ಲವನ್ನೂ ಕೋಣೆ ತುಂಬ ಸಾರಿತು. ಇಳಿತದ ಹೊತ್ತಿಗೆ ಅವನ ಕೈ ನಿಂತೇಹೋಯಿತು. ಎರ್ಮೆಕ್ ತಟ್ಟೆಯೊಳಗೆ ನೋಡಿದ. ಕುಲ್ಯಾಶ್ ಕೆಮ್ಮಿದಳು. ರೌಶಾನಳ ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ತಗೊಂಡು ಹೋಗಪ್ಪ," ಎಂದಳು ಎರ್ಮೆಕ್‌ಗೆ. "ಕುದುರೆ ಕೊಟ್ರೆ ಜೀನು ಸಮೇತ ಕೊಡ್ಬೇಕು. ಆ ಗಿಟಾರ್ನೂ ತಗೋ. ನಿಮ್ಮ ಮಾಮಂಗೆ ಹಿಡ್ಕೊಂಡು ನಿಲ್ಲೋದಕ್ಕೆ ಒಂದು ಪೊರಕೆ ಸಾಕು."

ಎರ್ಮೆಕ್ ಅತ್ತೆಯ ಮಾತು ಮೀರಲಾರದೆ ಕೈ ಚಾಚಿದ. ತೊಕ್ತಾರ್ ಗಿಟಾರನ್ನು ಎದೆಗೆ ಅವಚಿಕೊಂಡ.

"ಕೊಡಲ್ಲ," ಎಂದ.

"ಆಂಪ್ಲಿಫೈಯರ್ ಮಾತ್ರ ಕೊಡು ಮಾಮ, ಸಾಕು," ಎಂದ ಎರ್ಮೆಕ್ ಮೆಲ್ಲಗೆ.

"ಅದನ್ನೂ ಕೊಡಲ್ಲ. ಎರಡೂ ಕೊಡಲ್ಲ."

ಮುಖದಲ್ಲಿ ಆ ಹಲ್ಲುನೋವು ಇರಲಿಲ್ಲ. ಬರೀ ವಯಸ್ಸಾದ, ಕೆಂಪಗಾದ ಮುಖ. ಕುಲ್ಯಾಶ್ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ನನ್ನ ತಮ್ಮನೇ ಸ್ವಂತ ಅಳಿಯನಿಗೆ ಇಲ್ಲವೆಂದನಲ್ಲ, ಸತ್ತ ಅಪ್ಪ ಕೇಳಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಬಾಗಿಲವರೆಗೂ ಹೇಳುತ್ತ ಹೋದಳು. ಹಿಂದೆ ಹೊರಟ ಎರ್ಮೆಕ್ ಮಾತ್ರ ಹೊರೆ ಇಳಿದವನಂತೆ ಮೆಟ್ಟಿಲಿಳಿದ.

ಇದು ಗಿಟಾರಿನ ಮೇಲಿನ ಪ್ರೀತಿಯೋ, ಮದುವೆಗಳಲ್ಲಿ ಕತ್ತಿಗೆ ನೇತುಹಾಕಿಕೊಳ್ಳಲು ಏನಾದರೂ ಬೇಕೆಂಬ ಆಸೆಯೋ ಎಂದು ರೌಶಾನಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ, ಪಾತ್ರೆ ತೊಳೆದಳು.

ಮರುದಿನ ಬೆಳಿಗ್ಗೆ ಅವಳು ಹಾಲು ಕಾಯಿಸುತ್ತಿದ್ದಾಗ ಪಕ್ಕದ ಕೋಣೆಯಿಂದ ಆ ಧಾಟಿ ಕುಂಟುತ್ತ ಹೊರಟಿತು. ಏರಿತು, ಎಡವಿತು, ಇಳಿಯಬೇಕಾದಲ್ಲಿ ನಿಂತಿತು.

"ಕೇಳೋಕಾಗಲ್ಲ," ಎಂದು ಕೂಗಿದಳು ರೌಶಾನ್. "ಅಲ್ಲಿ ಕೆಳಗಿಳೀಬೇಕು, ಮರ್ತೋಯ್ತಾ? ಮೊದಲಿಂದ ನುಡಿಸಿ."

ಮತ್ತೆ ಮೊದಲಿಂದ ಶುರುವಾಯಿತು. ಕೆಳಗಿನ ಮನೆಯವರು ಗೋಡೆಯ ಬಿಸಿನೀರಿನ ಕೊಳವೆಯನ್ನು ಟಣಟಣ ಬಡಿದರು. ರೌಶಾನ್ ಸೌಟು ತೆಗೆದುಕೊಂಡು ಅದಕ್ಕಿಂತ ಜೋರಾಗಿ ತಿರುಗಿ ಬಡಿದಳು.