ಹಗ್ಗ ಕೊಯ್ದವಳ ಮನಸ್ಸಿನಲ್ಲಿ ಏನಿತ್ತು

ಹುಣಸೂರಿನ ಕಾಲೇಜಿಗೆ ಪಾಠ ಮಾಡಲು ಬಂದ ಎಂಟನೇ ದಿನ ಒಂದು ಕೊಲೆಯ ವಿಷಯ ನನ್ನ ಕಿವಿಗೆ ಬಿತ್ತು. ಮೈಸೂರಿನಿಂದ ವಾಪಸ್ಸು ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹುಡುಗಿಯರು ದನಿ ತಗ್ಗಿಸದೆ ಮಾತಾಡುತ್ತಿದ್ದರು.

"ಅವ್ಳು ಅಗ್ಗ ಕುಯ್ದಿದ್ದು ಬೇಕೂಂತ್ಲೇ ಕಣಮ್ಮಿ. ಅಣ್ಣ ಆಚೆ ದಡದಲ್ಲವ್ನೆ ಅಂತ ಚೆನ್ನಾಗ್ ಗೊತ್ತಿತ್ತು ಅವ್ಳಿಗೆ."

"ಸುಮ್ನಿರೆ. ಅಷ್ಟ್ ಮಂಜಲ್ಲಿ ಅವ್ಳಿಗೇನೂ ಕಾಣ್ನಿಲ್ಲ."

"ಕಂಡಿತ್ತು. ಕಂಡೇ ಕುಯ್ದವ್ಳೆ. ಆ ಕಣ್ ನೋಡಿದ್ರೆ ತಿಳಿಯಲ್ವಾ?"

ನಾನು ಮಡಿಲಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದು ಕೂತೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮನೆಗೆ ಬಂದವಳೇ ಮನೆಯೊಡತಿ ಜಯಮ್ಮನವರಿಗೆ ಹೇಳಿ, ಪೊಲೀಸರಿಗೆ ತಿಳಿಸಬೇಕೇ ಎಂದು ಕೇಳಿದೆ. ಅವರು ಸೊಪ್ಪು ಬಿಡಿಸುತ್ತಾ, "ಯಾರ್ ಮಕ್ಳೋ ಏನೋ. ನಿಮ್ಗ್ಯಾಕೆ ಬುಡಿ ಮೇಡಂ" ಎಂದರು.

ಸೋಮವಾರ ಬಿ.ಎ. ಕೊನೆಯ ವರ್ಷದ ತರಗತಿಗೆ ಹೋದರೆ ಅದೇ ಎರಡು ದನಿಗಳು ಎರಡನೇ ಬೆಂಚಿನಿಂದ ಕೇಳಿಬಂದವು. ಪಾಠ ಮುಗಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ. ಒಬ್ಬಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಅವಳು ನಯನ. ಇನ್ನೊಬ್ಬಳು, ಹನಗೋಡಿನ ಸೌಮ್ಯ, ನಗದೆ ಫೋನು ತೆಗೆದು ತೋರಿಸಿದಳು. ಅದು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ. ಬಲದಿಂದ ಎಡಕ್ಕೆ ಓದಬೇಕು. ಕಥೆಯ ನಾಯಕಿ ದೋಣಿ ಕಾಯುವ ಹುಡುಗಿ. ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಹಿಡಿದೇ ಆ ದೋಣಿ ಹೊಳೆ ದಾಟಬೇಕು. ಶತ್ರುಗಳು ಬರುವ ಹೊತ್ತಿಗೆ ಅವಳು ಆ ಹಗ್ಗವನ್ನು ಕೊಯ್ಯುತ್ತಾಳೆ, ಅಣ್ಣ ಆಚೆ ದಡದಲ್ಲೇ ಉಳಿಯುತ್ತಾನೆ. ಯಾಕೆ ಕೊಯ್ದಳೆಂದು ಬರೆದವರು ಎಲ್ಲೂ ಹೇಳಿಲ್ಲ. ಎಲ್ಲೆಲ್ಲಿಯ ಅಭಿಮಾನಿಗಳೋ ಅದನ್ನು ಹಿಡಿದು ಅಂತರ್ಜಾಲದಲ್ಲಿ ಜಗಳವಾಡುತ್ತಾರೆ. ಅವರ ನಡುವೆ ಬೇರೆ ಹೆಸರಿಟ್ಟುಕೊಂಡು, ಬೇಕೆಂದೇ ಕೊಯ್ದಳೆಂದು ಎಲ್ಲರಿಗಿಂತ ಜೋರಾಗಿ ಜಗಳವಾಡುತ್ತಿದ್ದವಳು ಈ ಸೌಮ್ಯ.

ಬಿಜಾಪುರದ ಕಡೆಯ ಇಂಡಿ ತಾಲ್ಲೂಕಿನ ನನ್ನ ಮಂದಿಗೆ ಇದನ್ನೆಲ್ಲ ಬರೆಯುವಾಗ ಮೊದಲು ಹೇಳಬೇಕಾದ ಮಾತೊಂದಿದೆ. ಕನ್ನಡದಿಂದ ಕನ್ನಡಕ್ಕೆ ಹೋದರೂ ಪರದೇಶವೇ. ವರ್ಗವಾಗಿ ಬಂದ ಮೊದಲ ದಿನ ತರಗತಿಯಲ್ಲಿ "ಫ್ಯಾನ್ ಹಚ್ಚವಾ" ಎಂದೆ. ಹಿಂದಿನ ಬೆಂಚಿನಿಂದ "ಬೆಂಕಿಪಟ್ಣ ಬೇಕಾ ಮೇಡಂ" ಎಂಬ ದನಿ ಬಂತು. ಜಯಮ್ಮನವರು "ಇಟ್ಟು ಉಣ್ತೀರಾ" ಎಂದು ಕೇಳಿದಾಗ, ಏನನ್ನು ಎಲ್ಲಿ ಇಟ್ಟು ಉಣ್ಣಬೇಕೆಂದು ತಿಳಿಯದೆ ನಿಂತಿದ್ದೆ. ಇಟ್ಟು ಎಂದರೆ ಇಲ್ಲಿ ರಾಗಿಮುದ್ದೆ. ಅದನ್ನು ಅಗಿಯಬಾರದು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಒಂದು ತಿಂಗಳು ನಾನು ಕದ್ದು ಅಗಿದೆ. ನಮ್ಮಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಊಟ ಸಮೀಪಿಸಿತೆಂದು ಲೆಕ್ಕ. ಇಲ್ಲಿ ಕೋಲು ಹಿಡಿದು ಮುದ್ದೆ ತೊಳಸುವುದು ಸಪ್ಪಳವಿಲ್ಲದ ಕೆಲಸ. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ಒಂದು ಭಾನುವಾರ ಜಯಮ್ಮನವರ ಅಡುಗೆಮನೆಯಲ್ಲೇ ರೊಟ್ಟಿ ಬಡಿದೆ. ಅವರು ಎರಡು ತಿಂದು ಮೂರನೆಯದಕ್ಕೆ ಕೈಚಾಚಿದರು. ಬಂದಮೇಲೆ ನಾನು ಗೆದ್ದ ಮೊದಲ ಪಂದ್ಯ ಅದೇ.

ನೀರಿನ ವಿಷಯದಲ್ಲಂತೂ ಎರಡೂ ಕಡೆ ಒಂದಕ್ಕೊಂದು ತಾಳೆಯಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಭೀಮೆಯನ್ನು ನಡೆದೇ ದಾಟಿದ್ದೇವೆ. ಇಲ್ಲಿ ಲಕ್ಷ್ಮಣತೀರ್ಥ ಸಣ್ಣ ಹೊಳೆ, ಒಂದು ಕಲ್ಲೆಸೆತದ ಅಗಲ. ಆದರೆ ಮೇಲೆ ಕೊಡಗಿನಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

ಪಠ್ಯದಲ್ಲಿ ಒಂದು ಗ್ರೀಕ್ ಮಹಾಕಾವ್ಯದ ಭಾಗವಿತ್ತು. ಯುದ್ಧಕ್ಕೆ ಹೋದ ರಾಜ ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಹೆಂಡತಿಗೆ ಅವನ ಗುರುತು ಯಾವಾಗ ಸಿಕ್ಕಿತು? ಪುಸ್ತಕದ ಪ್ರಕಾರ ಕೊನೆಯಲ್ಲಿ. ಸೌಮ್ಯ ಎದ್ದು ನಿಂತು, "ಇಲ್ಲ ಮೇಡಂ, ಮೊದಲನೇ ದಿವಸಾನೇ ಗೊತ್ತಾಗ್ಬುಟ್ಟದೆ. ಗೊತ್ತಿದ್ದೂ ಸುಮ್ನವ್ಳೆ" ಎಂದಳು. ಯಾಕೆಂದು ಕೇಳಿದೆ. "ಕೇಳ್ಬುಟ್ರೆ ಅವ್ನು ಉತ್ತರ ಕೊಡ್ಬೇಕಾಯ್ತದಲ್ಲ" ಎಂದು ಕೂತಳು. ಇಡೀ ತರಗತಿ ತಿರುಗಿಬಿತ್ತು. ಇಷ್ಟು ವರ್ಷ ಪಾಠ ಮಾಡಿದ ನನಗೆ ಒಂದು ಕಾವ್ಯದ ಸಲುವಾಗಿ ಮಕ್ಕಳು ಹೀಗೆ ಹೊಡೆದಾಡುವುದನ್ನು ನೋಡುವ ಭಾಗ್ಯ ಬಂದಿರಲಿಲ್ಲ. ಆ ಖುಷಿಯಲ್ಲಿ ಗುರುವಾರದ ಕೊನೆಯ ಗಂಟೆಯನ್ನು ಈ ಜಗಳಕ್ಕೇ ಬಿಟ್ಟುಕೊಟ್ಟೆ. ಮುನಿಸಿಕೊಂಡು ಯುದ್ಧ ಬಿಟ್ಟು ಡೇರೆಯಲ್ಲಿ ಕೂತ ಗ್ರೀಕ್ ವೀರನಿಗೆ ಇದ್ದದ್ದು ಸಿಟ್ಟೋ, ಸಾವಿನ ಹೆದರಿಕೆಯೋ ಎಂದು ಎರಡು ವಾರ ವಾದ ನಡೆಯಿತು. ಮೂರನೇ ವಾರ ನಾನೊಂದು ಕೆಲಸ ಕೊಟ್ಟೆ. ನಿಮಗೆ ಬೇಕಾದ ಪಾತ್ರದ ಒಳಗೆ ಹೊಕ್ಕು 'ನಾನು' ಎಂದು ಬರೆಯಿರಿ, ಮಾಡಿದ್ದನ್ನು ಯಾಕೆ ಮಾಡಿದಿರೆಂದು ಹೇಳಿರಿ ಎಂದೆ.

ಸೌಮ್ಯ ದೋಣಿಯ ಹುಡುಗಿಯಾಗಿ ಬರೆದಳು. ಓದುವಾಗ ಅವಳ ದನಿ ಒಮ್ಮೆಯೂ ನಡುಗಲಿಲ್ಲ. "ಹಗ್ಗ ನಾನೇ ಕೊಯ್ದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ನನಗೆ ಗೊತ್ತಿದ್ದೇ ಕೊಯ್ದೆ. ಯಾರೂ ನನ್ನನ್ನು ಕೇಳಲಿಲ್ಲ, ಅದಕ್ಕೇ ನಾನು ಹೇಳಲಿಲ್ಲ." ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಯನ ಅವಳ ಓದನ್ನು ಫೋನಿನಲ್ಲಿ ಹಿಡಿದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದಳು.

ಮರುವಾರ ಸೌಮ್ಯ ಬರಲಿಲ್ಲ. ಅದರ ಮರುವಾರವೂ ಇಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಯನ ಮುಖ ಬಿಳುಚಿಕೊಂಡು ನಿಂತಳು.

"ಮೇಡಂ, ಆ ವಾಯ್ಸು ಹನಗೋಡಿಗೆ ಓಗ್ಬುಟ್ಟದೆ. ಯಾರೋ ಬರೀ ಆ ನಾಲ್ಕ್ ಮಾತ್ ಕಟ್ ಮಾಡಿ ಕಳ್ಸವ್ರೆ."

"ಹೋದರೇನಾಯಿತು? ಅದು ಕಥೆಯಲ್ಲವೇ?"

"ನೀವು ಹೊಸಬ್ರು. ನಿಮ್ಗೆ ಯಾರೂ ಯೋಳಿಲ್ಲ. ಎಲ್ಡು ವರ್ಸದ ಕೆಳಗೆ ಅವಳಣ್ಣ ಮಂಜಣ್ಣ ಒಳೇಲಿ ಕೊಚ್ಕಂಡ್ ಓಗ್ಬುಟ್ರು. ಅವತ್ತು ಅಲ್ಲಿದ್ದೋಳು ಇವ್ಳೊಬ್ಳೇ."

ಉಳಿದದ್ದನ್ನೂ ಅವಳೇ ಹೇಳಿದಳು. ಪಂಪ್‌ಸೆಟ್ಟಿನ ಪೈಪಿಗೆ ಸಿಕ್ಕಿದ ಕಸ ತೆಗೆಯಲು ಮಂಜು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊಳೆಗೆ ಇಳಿದಿದ್ದನಂತೆ. ಹಗ್ಗ ಕಿತ್ತುಹೋಯಿತೆಂದು ಸೌಮ್ಯ ಹೇಳಿದ್ದಳು. ಊರು ನಂಬಿತ್ತು, ಅಥವಾ ನಂಬಿದಂತೆ ಇತ್ತು. ಈಗ ಅವಳದೇ ದನಿಯಲ್ಲಿ 'ಹಗ್ಗ ನಾನೇ ಕೊಯ್ದೆ' ಎಂಬ ಮಾತು ಮನೆಮನೆಯ ಫೋನಿನಲ್ಲಿ ಸುತ್ತುತ್ತಿತ್ತು. ಅವಳ ಚಿಕ್ಕಪ್ಪ ಸ್ಟೇಷನ್ನಿಗೆ ಹೋಗುವ ಮಾತಾಡಿದ್ದರು. ಅವಳ ಫೋನನ್ನು ಕಿತ್ತಿಟ್ಟಿದ್ದರು. ಪ್ರಾಂಶುಪಾಲರಿಗೂ ಕರೆ ಮಾಡಿ, ಬಿಜಾಪುರದ ಮೇಡಂ ಯಾರು, ಏನು ಕಲಿಸುತ್ತಾರೆ ಎಂದು ವಿಚಾರಿಸಿದ್ದರು.

ಪ್ರಾಂಶುಪಾಲರು ನನ್ನನ್ನು ಕರೆದು, "ನೀವು ಆ ಕಡೆ ಹೋಗಬೇಡಿ. ಹೊರಗಿನವರು, ಮಾತು ಎಲ್ಲಿಗೋ ಹೋಗುತ್ತೆ" ಎಂದರು. ಅವರು ಕೆಟ್ಟವರಲ್ಲ; ನನಗೆ ಏಟು ಬೀಳದಿರಲೆಂಬ ಕಾಳಜಿ. ಆದರೆ 'ನಾನು ಎಂದು ಬರೆಯಿರಿ' ಎಂದು ಹೇಳಿದವಳು ನಾನು. ಜಯಮ್ಮನವರ ತವರು ಹನಗೋಡು. ವಿಷಯ ತಿಳಿಸಿದ್ದೇ ತಡ, ಅವರು ಸೀರೆ ಬದಲಿಸಿ, "ನಡೀರಿ, ನಾನ್ ಬತ್ತೀನಿ" ಎಂದರು.

ಭಾನುವಾರ ಮಧ್ಯಾಹ್ನ ಹೋದೆವು. ಹೊಗೆಸೊಪ್ಪಿನ ಕಾಲ. ಬ್ಯಾರನ್ನಿನ, ಅಂದರೆ ಸೊಪ್ಪು ಬೇಯಿಸುವ ಎತ್ತರದ ಗೂಡಿನ, ನೆರಳಲ್ಲಿ ಸೌಮ್ಯಳ ತಾಯಿ ಸಾಕಮ್ಮ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ನಮ್ಮನ್ನು ನೋಡಿಯೂ ಅವರ ಕೈ ನಿಲ್ಲಲಿಲ್ಲ. ತಂದೆ ಚಿಕ್ಕೇಗೌಡರು ಜಗಲಿಯಲ್ಲಿ ಕೂತಿದ್ದರು. ನಿಂತೇ ಇದ್ದ ಚಿಕ್ಕಪ್ಪ ಕೇಳಿದರು:

"ನೀವೇನಾ ಆ ಮೇಡಂ? ನಮ್ ಕೂಸ್ಗೆ ಏನ್ ಕಲಿಸ್ತಾ ಇದ್ದೀರಿ ನೀವು?"

ಹೆದರಿದಾಗ ನನ್ನ ನಾಲಿಗೆ ಇಂಡಿಗೆ ಓಡುತ್ತದೆ. "ಅದು ಕತೀ ಐತ್ರಿ. ಜಪಾನಿನ ಒಂದು ಕತಿ. ಅದರೊಳಗಿನ ಹುಡುಗಿ ಆಗಿ ಬರೀರಿ ಅಂತ ನಾನೇ ಹೇಳಿದ್ದೆ. ತಪ್ಪು ನಂದ್ರಿ."

"ಜಪಾನು. ಇವ್ರ್ ಮಾತೇ ತಿಳಿಯಕ್ಕಿಲ್ಲ, ಇನ್ನು ಜಪಾನಂತೆ" ಎಂದು ಚಿಕ್ಕಪ್ಪ ಅಣ್ಣನ ಕಡೆ ತಿರುಗಿದರು. "ಇವ್ಳೇ ಒಪ್ಕಂಡವ್ಳೆ. ಇನ್ನೇನ್ ಬೇಕಣ್ಣ?"

ಚಿಕ್ಕೇಗೌಡರು ಮೆಲ್ಲಗೆ, "ನಾನೂ ನಾಟಕದಲ್ಲಿ ಪಾಲ್ಟ್ ಕಟ್ಟಿವ್ನಿ ಕಣ್ಲಾ" ಎಂದರು. "ಇದೇ ಊರ್ ಮುಂದೆ ಗದೆ ಇಡ್ಕಂಡು, ತಮ್ಮನ್ನ ನಾನೇ ಕೊಂದೆ ಅಂತ ಕೂಗಿವ್ನಿ. ನೀನು ಮುಂದ್ಗಡೆ ಕೂತಿದ್ದೆ. ನನ್ನ ಯಾರಾದ್ರೂ ಟೇಸನ್ಗೆ ಕರ್ಕೊಂಡೋದ್ರಾ?"

ಚಿಕ್ಕಪ್ಪ ಜಗಲಿಯ ಅಂಚಿನಲ್ಲಿ ಕೂತರು. ಇನ್ನು ಎದ್ದು ಹೊರಡಬಹುದು, ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಒಳಬಾಗಿಲಿನಿಂದ ಸೌಮ್ಯ ಹೊರಗೆ ಬಂದಳು.

"ಪಾಲ್ಟ್ ಅಲ್ಲ ಕಣಪ್ಪ" ಎಂದಳು.

ಅವಳು ನೆಲ ನೋಡುತ್ತಾ ಒಂದೇ ಸಮನೆ ಹೇಳಿದಳು. "ಅಗ್ಗನ ಅತ್ತಿಮರಕ್ಕೆ ಒಂದ್ ಸುತ್ತು ಆಕ್ಕೊ ಅಂದ ಅಣ್ಣ. ನಾನೇ ಇಡ್ಕಂಡಿರ್ತೀನಿ ಓಗು ಅಂದೆ. ನೀರ್ ಬಂತು. ಅಗ್ಗ ಎಳೀತು, ಅಂಗೈ ಉರೀತು. ಕಿತ್ತೋಯ್ತು ಅಂತ ಯೋಳ್ದೆ ನಿಮ್ಗೆಲ್ಲ. ಕಿತ್ತೋಗ್ನಿಲ್ಲ. ನಾನ್ ಬುಟ್ಬುಟ್ಟೆ."

ಬಸ್ಸಿನಲ್ಲಿ ಅವಳು ಅಷ್ಟು ಹಟದಿಂದ 'ಬೇಕೂಂತ್ಲೇ' ಎಂದಿದ್ದು ನನಗೆ ಆಗ ಅರ್ಥವಾಯಿತು. ಬೇಕೆಂದೇ ಮಾಡಿದವಳಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತದೆ. ಕೈಲಾಗದೆ ಬಿಟ್ಟವಳಿಗೆ ಅದೂ ಇಲ್ಲ.

ಸಾಕಮ್ಮನ ಕೈ ಮೊದಲ ಸಲ ನಿಂತಿತು. ಎಲೆಯ ಅಂಟು ಮೆತ್ತಿ ಕರ್ರಗಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಮಗಳ ಹತ್ತಿರ ಬಂದು, ಅವಳ ಎರಡೂ ಅಂಗೈ ಬಿಡಿಸಿದರು.

"ನಂಗೊತ್ತಿತ್ತು ಕಣವ್ವ. ಅವತ್ತು ಇದುಕ್ಕೆ ಬೆಣ್ಣೆ ಅಚ್ಚಿದ್ದೋಳು ಯಾರು? ಕಿತ್ತೋದ್ ಅಗ್ಗ ಇಂಗೆ ಚರ್ಮ ಸುಲಿಯಕ್ಕಿಲ್ಲ."

"ಗೊತ್ತಿದ್ದೂ ಯಾಕವ್ವ ಕೇಳ್ನಿಲ್ಲ?"

"ಕೇಳಿದ್ರೆ ನೀನು ಯೋಳ್ಬೇಕಾಗಿತ್ತಲ್ಲ."

ಅಂದು ತರಗತಿಯಲ್ಲಿ ಎದ್ದು ನಿಂತು ಗ್ರೀಕ್ ರಾಣಿಯ ಬಗ್ಗೆ ಸೌಮ್ಯ ಆಡಿದ್ದು ಇದೇ ಮಾತು. ತನ್ನ ಮನೆಯಲ್ಲೇ ಅಂಥವಳೊಬ್ಬಳಿದ್ದಾಳೆಂದು ಅವಳಿಗೆ ಅಂದಾಜಿತ್ತೋ ಇಲ್ಲವೋ, ನಾನು ಕೇಳಿಲ್ಲ.

ಚಿಕ್ಕೇಗೌಡರು ಎದ್ದು ಬ್ಯಾರನ್ನಿನ ಬಾಗಿಲವರೆಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಅವರೀಗ ಏನು ಮಾಡುತ್ತಾರೋ ಎಂದು ನಾನು ಜಯಮ್ಮನವರ ತೋಳು ಹಿಡಿದುಕೊಂಡೆ. ಚಿಕ್ಕೇಗೌಡರು ತಿರುಗದೆಯೇ ಹೇಳಿದರು: "ಮರಕ್ಕೆ ಸುತ್ತಿದ್ರೂ ಅವ್ನು ಉಳೀತಿರ್ನಿಲ್ಲ. ಆ ನೀರಲ್ಲಿ ಅತ್ತಿಮರನೇ ಕೊಚ್ಕಂಡೋಯ್ತು. ಕೂಸೇ, ಒಳಕ್ಕೋಗು. ನಾಳಿಂದ ಕಾಲೇಜ್ಗೋಗು." ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಅಣ್ಣನ ಬೆನ್ನನ್ನು ನೋಡಿ ಮುಚ್ಚಿದರು.

ವಾಪಸ್ಸು ಬರುವ ಬಸ್ಸು ಹೊಳೆಯ ಪಕ್ಕದಲ್ಲಿ ಸಾಗುವಾಗ ಜಯಮ್ಮನವರು ಕಿಟಕಿಯಾಚೆ ಬೆರಳು ತೋರಿಸಿದರು. ಪಂಪ್‌ಸೆಟ್ಟಿನ ಮನೆ, ಅದರ ಪಕ್ಕ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪದ ಅತ್ತಿಮರ.

"ಅದೇ ಮರ" ಎಂದರು. "ನಮ್ಮಪ್ಪನ ಕಾಲದ್ದು. ಅಲ್ಲೇ ಅದೆ ನೋಡಿ."

ಸೌಮ್ಯ ಎರಡು ವರ್ಷದಿಂದ ಹೊಳೆಯ ಕಡೆ ಹೋಗಿಲ್ಲ, ಬಸ್ಸಿನಲ್ಲೂ ಆ ಬದಿಗೆ ಮುಖ ತಿರುಗಿಸುವುದಿಲ್ಲವಂತೆ. ಊರಿನ ಉಳಿದವರೆಲ್ಲ ದಿನಾ ಆ ಮರದ ಕೆಳಗೇ ಓಡಾಡುತ್ತಾರೆ. ನನಗೆ ತಿಳಿದಮಟ್ಟಿಗೆ ಮರ ಇನ್ನೂ ಇದೆಯೆಂದು ಇಲ್ಲಿಯತನಕ ಒಬ್ಬರೂ ಅವಳಿಗೆ ಹೇಳಿಲ್ಲ. ಈ ಬರಹವನ್ನು ಅವಳ ಕೈಗೆ ಸಿಗುವಲ್ಲಿ ಅಚ್ಚು ಮಾಡಿಸದೆ ಇಂಡಿಯ ನಿಮಗೆ ಕಳಿಸುತ್ತಿರುವುದೂ ಅದಕ್ಕೇ. ಅವಳ ಹೆಸರನ್ನೂ ಬದಲಿಸಿದ್ದೇನೆ.

ಅವಳು ಕಾಲೇಜಿಗೆ ಬಂದಳು. ಫೋನು ವಾಪಸ್ಸು ಸಿಕ್ಕಿದ ಮೇಲೆ ಆ ಅಭಿಮಾನಿಗಳ ಗುಂಪಿನಲ್ಲಿ ಹೊಸದಾಗಿ ಬರೆದಳು: ದೋಣಿಯ ಹುಡುಗಿ ಹಗ್ಗ ಕೊಯ್ಯಲು ಹೋದವಳೇ ಅಲ್ಲ, ಕಟ್ಟಲು ಹೋದವಳು; ಚಳಿಗೆ ಮರಗಟ್ಟಿದ ಕೈಯಿಂದ ಕತ್ತಿ ಜಾರಿತು. ಎಲ್ಲರೂ ಮೇಲೆ ಬಿದ್ದರು. "ಎವಿಡೆನ್ಸ್ ಕೇಳ್ತಾವ್ರೆ ಮೇಡಂ" ಎಂದು ನನಗೆ ತೋರಿಸಿದಳು. ಅವಳು ಸಣ್ಣಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ರಜೆಗೆ ಊರಿಗೆ ಬಂದಿದ್ದೆ. ಆರು ವರ್ಷ ಅಪ್ಪನ ಹಾಸಿಗೆಯ ಪಕ್ಕ ಕಳೆದು, ಅವರು ಹೋದ ಮರುವರ್ಷವೇ ನಾನು ಇಷ್ಟು ದೂರದ ಕಾಲೇಜನ್ನು ಕೇಳಿ ಪಡೆದದ್ದು ಯಾಕೆಂದು ಓಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಅರ್ಥ. ಅಪ್ಪನನ್ನು ನೋಡಿಕೊಳ್ಳದ ತಮ್ಮನ ಮೇಲಿನ ಸಿಟ್ಟು ಎನ್ನುವವರಿದ್ದಾರೆ. ದಣಿವು ಎನ್ನುವವರಿದ್ದಾರೆ. ಹುಣಸೂರಿನವರು, ಗಂಡನ ಜೊತೆ ಜಗಳವಾಡಿ ಬಂದವಳು ಎನ್ನುತ್ತಾರೆ. ನನಗೆ ಮದುವೆಯೇ ಆಗಿಲ್ಲ. ಈ ಸಲ ತಂಗಿ ವರ್ಗಾವಣೆಯ ಅರ್ಜಿಯನ್ನು ತಾನೇ ತರಿಸಿಟ್ಟಿದ್ದಳು. "ನಮ್ಮ ಕಡೆ ಜಾಗಾ ಖಾಲಿ ಅದಾವಂತ, ತುಂಬಿ ಕೊಡು" ಎಂದು ಎದುರಿಗೇ ಕೂತಳು. ಹೆಸರು, ಹುದ್ದೆ, ಈಗಿನ ಸ್ಥಳ ಎಲ್ಲ ತುಂಬಿದೆ. ಕೋರುವ ಸ್ಥಳವೆಂದು ಇಂಡಿಯನ್ನೇ ಬರೆದೆ, ಕೈ ತಡೆಯಲಿಲ್ಲ. ಅದರ ಕೆಳಗೆ 'ಕಾರಣ' ಎಂದು ಅಚ್ಚಾಗಿತ್ತು, ಮುಂದೆ ಎರಡು ಗೆರೆ ಖಾಲಿ.

"ಬರದುಬಿಡು ಅಕ್ಕಾ" ಎಂದಳು ತಂಗಿ. "ಏನರ ಒಂದು ಬರಿ."

ನಾನು ಪೆನ್ನು ಹಿಡಿದುಕೊಂಡು ಕೂತೇ ಇದ್ದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಇನ್ನೇನೂ ಕೇಳದೆ ಎದ್ದು, ರೊಟ್ಟಿಯ ಹೆಂಚು ಒಲೆಯ ಮೇಲಿಡಲು ಒಳಗೆ ಹೋದಳು.