ನಾಯಿ ಮೇಷ್ಟ್ರ ಕೆಂಪು ಗುಂಡಿ

ಹೋದ ತಿಂಗಳು ಪೀಣ್ಯದಲ್ಲಿ ಮೆಟ್ರೊ ಹತ್ತಿದಾಗ ಪಕ್ಕದಲ್ಲಿ ನಿಂತವರ ಬಟ್ಟೆಯಿಂದ ಕಬ್ಬಿಣ ಕಡೆಯುವ ಲೇತ್ ಮಷೀನಿನ ಎಣ್ಣೆಯ ವಾಸನೆ ಬಂತು. ಕಾದ ಕಬ್ಬಿಣ, ಅದನ್ನು ತಣಿಸುವ ಕೂಲೆಂಟು, ಅದರ ಮೇಲೆ ಬೆವರು. ಪಾಳಿ ಮುಗಿಸಿ ಮನೆಗೆ ಹೊರಟ ಯಾರೋ ಕಾರ್ಮಿಕರಿರಬೇಕು. ನನಗೆ ಕಣ್ಣು ಕಾಣುವುದಿಲ್ಲ, ಹಾಗಾಗಿ ಅವರು ಹೇಗಿದ್ದರೋ ಗೊತ್ತಿಲ್ಲ. ಆ ವಾಸನೆಗೆ ನನ್ನ ಎಡಗೈ ಮಾತ್ರ ತಾನಾಗಿಯೇ ಕೆಳಗಿಳಿದು, ಅಲ್ಲಿಲ್ಲದ ಒಂದು ಹಿಡಿಯನ್ನು ತಡಕಾಡಿತು...

ನಾಯಿ ಮೇಷ್ಟ್ರ ಮೈಯಿಂದ ಯಾವಾಗಲೂ ಇದೇ ವಾಸನೆ ಬರುತ್ತಿತ್ತು. ಅವರು ನೆನಪಾದ ಕೂಡಲೇ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾಲ್ಕು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡ ಸಿಟ್ಟು. ಅದು ಯಾರ ಮೇಲೆ ಎಂದು ಸರಿಯಾಗಿ ಹೇಳದೆ ಇಷ್ಟು ದಿನ ಜಾರಿಕೊಂಡು ಬಂದಿದ್ದೇನೆ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ, ತಗಡು ಒತ್ತಿ ಕತ್ತರಿಸುವ ಪ್ರೆಸ್ ಷಾಪ್‌ನಲ್ಲಿ, ದುಡಿದು ನಿವೃತ್ತರಾದವರು. ಊರು ಮಾಕಳಿ. ಮನೆಯ ಹಿಂದೆ ತಗಡಿನ ಶೆಡ್ಡು, ಅದರ ಅರ್ಧದಲ್ಲಿ ಹಳೆಯ ಲೇತು, ಇನ್ನರ್ಧದಲ್ಲಿ ನಾಯಿಗಳು. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದಾಗ, ಅವರನ್ನು ಕರೆದುಕೊಂಡು ಓಡಾಡಲೆಂದು ಮೊದಲ ನಾಯಿಯನ್ನು ಪಳಗಿಸಿದರಂತೆ. ಹೇಗೆ ಪಳಗಿಸಬೇಕೆಂದು ಕಲಿಸಿದವರು ಸೈನ್ಯದ ನಾಯಿ ದಳದಲ್ಲಿದ್ದು ಬಂದ ಒಬ್ಬ ನೆರೆಯವರು. ಆಮೇಲೆ ಅದೇ ಅವರ ಕಸುಬಾಯಿತು. ನಾಯಿಯ ಬೆನ್ನಿಗೆ ಕಟ್ಟುವ ಪಟ್ಟಿ, ನಮ್ಮಂಥವರು ಹಿಡಿದುಕೊಳ್ಳುವ ಕಬ್ಬಿಣದ ಹಿಡಿ, ಎಲ್ಲವನ್ನೂ ಅವರೇ ಆ ಲೇತಿನ ಮೇಲೆ ಮಾಡುತ್ತಿದ್ದರು.

ನಾಯಿಗಳನ್ನು ಅವರು ಕೊಂಡು ತರುತ್ತಿರಲಿಲ್ಲ. ತರುವ ಅಗತ್ಯವೂ ಇರಲಿಲ್ಲ. ಹುಟ್ಟುಹಬ್ಬಕ್ಕೆ ಅಂತ ಮಕ್ಕಳಿಗೆ ಲ್ಯಾಬ್ರಡಾರ್ ಮರಿ ತಂದುಕೊಟ್ಟು, ಅದು ಬೆಳೆದು ಸೋಫಾ ಕಡಿದ ಮೇಲೆ ತುಮಕೂರು ರಸ್ತೆಗೆ ಕಾರಿನಲ್ಲಿ ತಂದು ಇಳಿಸಿ ಹೋಗುವ ಪುಣ್ಯಾತ್ಮರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ನನ್ನ ಕೆಂಚಿಯೂ ಹಾಗೆ ಟೋಲ್ ಗೇಟಿನ ಹತ್ತಿರ ಸಿಕ್ಕವಳು. ಅವಳು ಮೂರು ದಿನ ಅದೇ ಜಾಗದಲ್ಲಿ ಕೂತು ಕಾರುಗಳನ್ನು ನೋಡುತ್ತಿದ್ದಳಂತೆ.

ಬೆಂಗಳೂರಿನ ಜನ ಮನೆಯಲ್ಲಿ ಯಾವ ಭಾಷೆ ಆಡಿದರೂ ನಾಯಿಯ ಜೊತೆ ಮಾತ್ರ ಇಂಗ್ಲಿಷ್ ಆಡುತ್ತಾರೆ. ಇದನ್ನು ಕಂಡುಹಿಡಿದವರು ನಮ್ಮ ಮೇಷ್ಟ್ರು. ಅದಕ್ಕೇ ಅವರ ಪಾಠವೆಲ್ಲ ಕನ್ನಡದಲ್ಲಿ. ಮುಂದೆ, ನಿಲ್ಲು, ಎಡ, ಬಲ, ಬಾಗಿಲು ಹುಡುಕು. ಸರಿಯಾಗಿ ಮಾಡಿದರೆ ಒಂದು "ಭೇಷ್", ಬೇಯಿಸಿದ ಮೊಟ್ಟೆಯ ಒಂದು ಚೂರು.

"ರೋಡಲ್ಲಿ ಯಾವನ್ ಕಮ್ ಬೇಬಿ, ಸಿಟ್ ಬೇಬಿ ಅಂದ್ರೂ ನಮ್ ನಾಯ್ಗೆ ನಾಟಾಕಿಲ್ಲ ಮೇಡಂ. ಅವ್ರದ್ದು ಇಂಗ್ಲಿಷ್ ಮೀಡಿಯಮ್ಮು, ನಮ್ದು ಸರ್ಕಾರಿ ಸ್ಕೂಲು," ಎಂದು ನಗುತ್ತಿದ್ದರು.

ಆದರೆ ಒಂದು ಪಾಠದ ವಿಷಯದಲ್ಲಿ ಅವರು ನಗುತ್ತಿರಲಿಲ್ಲ. ಪ್ರೆಸ್ ಷಾಪ್‌ನಲ್ಲಿ ಪ್ರತಿ ಯಂತ್ರದ ಪಕ್ಕ ಅಂಗೈ ಅಗಲದ ಒಂದು ಕೆಂಪು ಗುಂಡಿ ಇತ್ತಂತೆ. ಏನೋ ಸರಿಯಿಲ್ಲ ಎನ್ನಿಸಿದರೆ ಯಾವ ಕಾರ್ಮಿಕನಾದರೂ ಅದನ್ನು ಒತ್ತಿ ಯಂತ್ರ ನಿಲ್ಲಿಸಬಹುದು, ಮೇಲಿನವರು ಓಡಿಸು ಎಂದಿದ್ದರೂ ಸರಿ. ಕುರುಡರ ನಾಯಿಗೂ ಅದು ಇರಬೇಕು ಎನ್ನುವುದು ಅವರ ಲೆಕ್ಕ. ಒಡತಿ "ಮುಂದೆ" ಎಂದಳೆಂದು ಚರಂಡಿಗೆ ಇಳಿಯುವ ನಾಯಿ ಒಡತಿಯನ್ನೂ ಇಳಿಸುತ್ತದೆ. ಆದ್ದರಿಂದ ಅಪಾಯ ಕಂಡರೆ ನಾಯಿ ಮಾತು ಮೀರಬೇಕು. ಹೇಳಿದ್ದನ್ನು ಮಾಡಲು ಯಾವ ನಾಯಿಗಾದರೂ ಆರು ತಿಂಗಳಲ್ಲಿ ಕಲಿಸಬಹುದಂತೆ. ಹೇಳಿದ್ದನ್ನು ಮಾಡದೆ ನಿಲ್ಲಲು ಕಲಿಸುವುದಕ್ಕೆ ಒಂದು ವರ್ಷ ಬೇಕು. ಶೆಡ್ಡಿನ ಹಿಂದೆ ಸೊಂಟದಾಳದ ಗುಂಡಿ ತೋಡಿ, ಅದರ ಅಂಚಿಗೆ ನಾಯಿಯನ್ನು ತಂದು "ಮುಂದೆ, ಮುಂದೆ" ಎಂದು ಹೇಳುತ್ತಲೇ ಇರುತ್ತಿದ್ದರು. ನಾಯಿ ಕದಲದೆ ನಿಂತರೆ ಒಂದು ಇಡೀ ಮೊಟ್ಟೆ. "ಗುಂಡಿ ಕಂಡ್ರೆ ಗುಂಡಿ ಒತ್ತಬೇಕು ಕಣಮ್ಮಿ," ಎಂದು ಕೆಂಚಿಗೆ ಹೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ.

ಅದೇ ಗುಂಡಿಯ ಅಂಚಿನಲ್ಲಿ ನನಗೂ ಪಾಠವಾಯಿತು. "ಮುಂದೆ" ಎಂದೆ. ಕೆಂಚಿ ನನ್ನ ಕಾಲಿಗೆ ಅಡ್ಡ ನಿಂತಳು. ಮೊಣಕಾಲಿನಿಂದ ಸ್ವಲ್ಪ ತಳ್ಳಿದೆ. ಮೇಷ್ಟ್ರು ಕಿರುಚಿದ್ದು ಹೆದ್ದಾರಿಯ ತನಕ ಕೇಳಿರಬೇಕು.

"ಅದು ನಿಂತ್ರೆ ನೀವೂ ನಿಂತ್ಕಳಿ! ಯಾಕೆ ಅಂತ ಆಮ್ಯಾಕೆ ಕೇಳಿ. ಗುಂಡಿ ಒತ್ತಿದೋನ್ಗೆ ಬೈದ್ರೆ ಇನ್ನೊಂದ್ಸಲ ಒತ್ತಾಕಿಲ್ಲ ಅವ್ನು."

ಹಾಗೆಯೇ ಆಗಿತ್ತಂತೆ ಅವರ ಷಾಪ್‌ನಲ್ಲಿ. ಸುಮ್ಮಸುಮ್ಮನೆ ಯಂತ್ರ ನಿಲ್ಲಿಸಿದೆ ಎಂದು ಎಲ್ಲರ ಮುಂದೆ ಬೈಸಿಕೊಂಡ ಹುಡುಗನೊಬ್ಬ ಮರುವಾರ ಒತ್ತಬೇಕಾದಾಗ ಒತ್ತಲಿಲ್ಲ, ಯಾರದೋ ಬೆರಳು ಹೋದವು. ಯಾರದು ಎಂದು ನಾನು ಕೇಳಲಿಲ್ಲ. ಆಮೇಲೆ ಗುಂಡಿಯ ಅಂಚಿನಿಂದ ನನ್ನನ್ನು ಈಚೆಗೆ ತರಲು ಕೈ ಕೊಟ್ಟರು. ಅವರ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.

ಕೆಂಚಿಯನ್ನು ಕೊಡುವ ದಿನ ಅವರು ಹಾಕಿದ್ದು ಒಂದೇ ಷರತ್ತು. ಮಾತು ಮೀರಿದ್ದಕ್ಕೆ ಅವಳನ್ನು ಎಂದೂ ಬೈಯಬಾರದು, ಹಿಡಿ ಜಗ್ಗಬಾರದು. ಹಾಗೆ ಮಾಡಿದ್ದು ಗೊತ್ತಾದರೆ ನಾಯಿ ವಾಪಸ್ಸು. ನಾನು ಹೂಂ ಎಂದೆ. ಹೂಂ ಎನ್ನಲು ಏನು ಕಷ್ಟ?

ನಾನಾಗ ವರ್ತೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಅಮ್ಮನ ಜೊತೆ ಇದ್ದೆ, ಈಗಲೂ ಅಲ್ಲೇ ಇದ್ದೇನೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ, ಕಣ್ಣಿಲ್ಲದವರಿಗೂ ಬಳಸಲು ಬರುತ್ತದೆಯೇ ಎಂದು ಆ್ಯಪ್‌ಗಳನ್ನು ಪರೀಕ್ಷಿಸುವ ಕೆಲಸ. ಮೊಣಕಾಲು ನೋವಿನ ಅಮ್ಮ ಪ್ರತಿ ಬೆಳಿಗ್ಗೆ ನನ್ನ ಕೈ ಹಿಡಿದು ಆಫೀಸಿನ ಕ್ಯಾಬ್ ತನಕ ಬಿಡಬೇಕಿತ್ತು. ದಾವಣಗೆರೆಯಿಂದ ಬಂದ ಅಮ್ಮ ಮೊದಲ ದಿನ ಕೆಂಚಿಯನ್ನು ಕಂಡು, "ಲಿಂಗಪೂಜೆ ಮಾಡೋ ಮನ್ಯಾಗೆ ನಾಯಿ ತಂದು ಕಟ್ತೀಯೇನೇ?" ಎಂದು ರಂಪ ಮಾಡಿದರು. ವಾರ ಕಳೆಯುವುದರೊಳಗೆ ಪೂಜೆ ಮುಗಿಸಿ ಬಂದು ಮೊದಲು ವಿಚಾರಿಸುತ್ತಿದ್ದುದು ಅವಳ ರೊಟ್ಟಿಯನ್ನು. ಕೆಂಚಿ ಬಂದ ಐದನೆಯ ದಿನ ನಾನೊಬ್ಬಳೇ ಹೊರಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದೆ. ಮೂವತ್ತೆಂಟು ವರ್ಷದ ಹೆಂಗಸು ಸೊಪ್ಪು ತಂದದ್ದು ಒಂದು ಸುದ್ದಿಯೇ ಎಂದು ನಿಮಗೆ ಅನ್ನಿಸಬಹುದು. ಆ ಕಟ್ಟನ್ನು ಅಮ್ಮನ ಕೈಗೆ ಕೊಡದೆ ನಾನೇ ಬಿಡಿಸಿ, ತೊಳೆದು, ಸಾರಿಗೆ ಹಾಕಿದೆ.

ಈಗ ನಿವಾಸಿಗಳ ಅಸೋಸಿಯೇಷನ್‌ಗೆ ಬರೋಣ. ನಮ್ಮ ಅಪಾರ್ಟ್‌ಮೆಂಟಿನ ಗೋಡೆಯ ಮೇಲೆ ಎಲ್ಲರೂ ಒಂದೇ ಕುಟುಂಬ ಎಂದು ಬರೆಸಿದ್ದಾರಂತೆ, ನಾನು ಓದಿಲ್ಲ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಎರಡನೆಯ ವಾರಕ್ಕೇ ಸೆಕ್ರೆಟರಿಯ ಪತ್ರ ಬಂತು. ನಾಯಿ ಲಿಫ್ಟಿನಲ್ಲಿ ಬರಬಾರದು, ಕಸದವರ ಲಿಫ್ಟಿನಲ್ಲಿ ಬರಬೇಕು, ಬಾಯಿಗೆ ಕುಕ್ಕೆ ಹಾಕಿರಬೇಕು. ಇದು ಸಾಕುನಾಯಿಯಲ್ಲ, ನನ್ನ ಕಣ್ಣು ಎಂದು ಹೋಗಿ ಹೇಳಿದೆ.

"ನಿಮ್ ಫೀಲಿಂಗ್ಸ್ ಅರ್ಥ ಆಗತ್ತೆ ಮೇಡಂ. ಬಟ್ ರೂಲ್ಸ್ ಅಂದ್ರೆ ರೂಲ್ಸ್ ಕಣ್ರೀ," ಎಂದ ಸೆಕ್ರೆಟರಿ. ಕೊನೆಗೆ ದೊಡ್ಡ ಮನಸ್ಸು ಮಾಡಿ ಒಂದು ಪರೀಕ್ಷೆ ಇಟ್ಟ. ಭಾನುವಾರ ಬೆಳಿಗ್ಗೆ ಕಮಿಟಿಯವರ ಮುಂದೆ ನಾಯಿ ನನ್ನನ್ನು ಗೇಟಿನಿಂದ ಲಿಫ್ಟಿನ ತನಕ ಕರೆದೊಯ್ಯಬೇಕು. ಹೇಳಿದ ಹಾಗೆ ಕೇಳಿದರೆ ಇರಬಹುದು, ಇಲ್ಲವಾದರೆ ಇಲ್ಲ. ಕಣ್ಣಿರುವ ಯಾರಾದರೂ ತಮ್ಮ ಕನ್ನಡಕಕ್ಕೆ ಕಮಿಟಿಯ ಮುಂದೆ ಪರೀಕ್ಷೆ ಕೊಟ್ಟಿದ್ದಾರೆಯೇ? ಅಂದು ಇದನ್ನು ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ.

ಮೇಷ್ಟ್ರು ಮಾಕಳಿಯಿಂದ ಮೂರು ಬಸ್ಸು ಬದಲಿಸಿ ಬಂದರು. ಇಸ್ತ್ರಿ ಮಾಡಿದ ಅಂಗಿಯ ಗಂಜಿ ವಾಸನೆಯ ಕೆಳಗೆ ಅದೇ ಎಣ್ಣೆಯ ವಾಸನೆ. ಗೇಟಿನಲ್ಲಿ ಅವರನ್ನು ಅರ್ಧ ಗಂಟೆ ನಿಲ್ಲಿಸಿದ್ದರು. ಸೆಕ್ರೆಟರಿ ಅವರಿಗೆ ಕೂರಲು ಹೇಳಲಿಲ್ಲ. ಜನ ಕಾಫಿ ಹಿಡಿದು ಸೇರಿದ್ದರು, ಮಕ್ಕಳು "ಕಮ್ ಬೇಬಿ" ಎಂದು ಕೂಗುತ್ತಿದ್ದವು. ಕೆಂಚಿ ಅತ್ತ ತಿರುಗಲೂ ಇಲ್ಲ.

"ಮುಂದೆ" ಎಂದೆ. ಹೊರಟಳು. ಕಂಬವನ್ನು ಸುತ್ತಿ ಹೋದಳು, ಮೆಟ್ಟಿಲ ಬಳಿ ನಿಂತಳು, ಹತ್ತಿಸಿದಳು. ಬೇಸ್‌ಮೆಂಟಿನಿಂದ ಕಾರುಗಳು ಮೇಲೆ ಬರುವ ಇಳಿಜಾರಿನ ಬಾಯಿಗೆ ಬಂದಾಗ ತಟ್ಟನೆ ನಿಂತುಬಿಟ್ಟಳು. ನನಗೆ ಏನೂ ಕೇಳಿಸಲಿಲ್ಲ. "ಮುಂದೆ" ಎಂದೆ. ಅವಳು ನನ್ನ ಕಾಲಿಗೆ ಅಡ್ಡ ಬಂದಳು.

"ನೋಡಿದ್ರಾ? ಮಾತೇ ಕೇಳ್ತಿಲ್ಲ," ಎಂದ ಸೆಕ್ರೆಟರಿ. "ನಾಯಿ ಬಾಲ ಡೊಂಕೇ ಕಣ್ರೀ." ಯಾರೋ ನಕ್ಕರು.

ಆ ನಗೆ ನನಗೆ ತಡೆಯಲಾಗಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನನ್ನದು ನಾಯಿಯ ಮೇಲೆ ಹೋಯಿತು. ಹಿಡಿಯನ್ನು ಜೋರಾಗಿ ಜಗ್ಗಿದೆ. "ನಡಿಯೇ ಮೂದೇವಿ!" ಎಂದೆ. ಅವಳು ಕದಲಲಿಲ್ಲ. ಮತ್ತೆ ಜಗ್ಗಿದೆ. ಹಿಂದಿನಿಂದ ಮೇಷ್ಟ್ರು "ಮೇಡಂ!" ಎಂದು ಓಡಿ ಬರುವ ಸದ್ದು ಕೇಳಿತು. ಮೂರನೆಯ ಸಲ ಜಗ್ಗಿದೆ.

ಕೆಂಚಿ ಹೆಜ್ಜೆ ಮುಂದಿಟ್ಟಳು...

ಬ್ರೇಕಿನ ಕಿರುಚು, ನನ್ನ ಭುಜಕ್ಕೆ ಬಿದ್ದ ಮೇಷ್ಟ್ರ ಕೈ, ಕೆಂಚಿಯ ಒಂದೇ ಒಂದು ಕೂಗು, ಎಲ್ಲ ಒಟ್ಟಿಗೆ ಬಂದವು. ಸದ್ದೇ ಇಲ್ಲದ ಎಲೆಕ್ಟ್ರಿಕ್ ಕಾರು ಇಳಿಜಾರಿನಿಂದ ಮೇಲೆ ಬಂದಿತ್ತು. ಬಂಪರು ಅವಳ ಪಕ್ಕೆಗೆ ತಗುಲಿತ್ತು. ಮೂಳೆ ಮುರಿದಿರಲಿಲ್ಲ. ಕಾರಿನವನು ಇಳಿದು ನಮ್ಮನ್ನೇ ಬೈದ. "ಡೇಂಜರಸ್ ನಾಯಿ, ಮೇಡಂನ ಸಾಯಿಸ್ಬಿಡ್ತಿತ್ತು," ಎಂದು ಸೆಕ್ರೆಟರಿ ಅಲ್ಲೇ ತೀರ್ಪು ಕೊಟ್ಟ.

ಮೇಷ್ಟ್ರು ನನ್ನ ಭುಜ ಬಿಟ್ಟರು. ಮಂಡಿಯೂರಿ ಕೆಂಚಿಯ ಪಟ್ಟಿ ಬಿಚ್ಚುವ ಸದ್ದು ಕೇಳಿತು. ನನ್ನ ಕೈಯಿಂದ ಹಿಡಿಯನ್ನು ಬಿಡಿಸಿಕೊಂಡರು.

"ಇದು ಮೊದಲ್ನೇ ಸಲ ಅಲ್ಲ, ಅಲ್ವಾ ಮೇಡಂ?" ಎಂದರು.

ಮೊದಲ ಸಲವಲ್ಲ. ಕ್ಯಾಬ್ ಡ್ರೈವರು ಹಾರನ್ ಒತ್ತುತ್ತಿದ್ದಾಗ, ವರ್ತೂರು ರಸ್ತೆಯ ಚಪ್ಪಡಿ ಕಿತ್ತ ಚರಂಡಿಯ ಬಳಿ ಅವಳು ನಿಂತಾಗಲೆಲ್ಲ ನಾನು ಜಗ್ಗಿದ್ದೆ. ಮೂರು ವಾರದಲ್ಲಿ ಎಷ್ಟು ಸಲವೋ! ತಡವಾಗುತ್ತದೆ, ಮೀಟಿಂಗ್ ಇದೆ, ಜನ ನೋಡುತ್ತಾರೆ... ನೆಪಕ್ಕೆ ಬರವೇ?

"ಇವತ್ತು ಫೇಲಾಗಿದ್ದು ನಾಯಲ್ಲ," ಎಂದಷ್ಟೇ ಹೇಳಿ ಹೊರಟರು. ಕೆಂಚಿಯ ಉಗುರುಗಳ ಸದ್ದು ಗೇಟಿನ ತನಕ ಕೇಳಿತು. ಅಮ್ಮ ಮೇಲಿನ ಬಾಲ್ಕನಿಯಿಂದ ಅವಳ ಹೆಸರು ಹಿಡಿದು ಕೂಗಿದರು.

ಆಮೇಲೆ ನಾನು ಊರಿಗೆಲ್ಲ ಹೇಳಿದ ಕಥೆಯಲ್ಲಿ ಅಸೋಸಿಯೇಷನ್ ಮಾತ್ರ ಇತ್ತು. ಆಫೀಸಿನವರು ಅಯ್ಯೋ ಎಂದರು, ವಿಶೇಷ ಚೇತನರ ದಿನ ಎಂದು ನನ್ನನ್ನು ವೇದಿಕೆಗೆ ಹತ್ತಿಸಿ ಅದೇ ಕಥೆ ಹೇಳಿಸಿ ಚಪ್ಪಾಳೆ ತಟ್ಟಿದರು. ಸೆಕ್ರೆಟರಿಯ ಮೇಲೆ ನನಗೆ ಈಗಲೂ ಸಿಟ್ಟಿದೆ, ಅದು ಹೋಗುವಂಥದ್ದಲ್ಲ. ಆದರೆ ಹಿಡಿ ಅವನ ಕೈಯಲ್ಲಿರಲಿಲ್ಲ. ನನ್ನ ಕೈಯಲ್ಲಿತ್ತು.

ಮೇಷ್ಟ್ರಿಗೆ ಒಂದು ಫೋನ್ ಮಾಡಿ ತಪ್ಪಾಯಿತು ಎನ್ನಲು ನಾಲ್ಕು ವರ್ಷ ಬಾಯಿ ಬರಲಿಲ್ಲ. ಮೆಟ್ರೊ ಇಳಿದು ಮನೆಗೆ ಬಂದವಳೇ ಆ ದಿನ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಅವರ ಸೊಸೆ. ಮದುವೆಯಾಗಿ ಬಂದು ಎರಡು ವರ್ಷವಂತೆ, ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಮಾವ ಹೋದ ವರ್ಷ ತೀರಿಕೊಂಡರು ಎಂದಳು. ಲೇತನ್ನು ಪೀಣ್ಯದ ಗುಜರಿಯವರು ಒಯ್ದರಂತೆ. ನಾನು ಹೇಳಬೇಕೆಂದುಕೊಂಡದ್ದನ್ನು ಕೇಳಬೇಕಾದ ಮನುಷ್ಯ ಇನ್ನು ಎಲ್ಲೂ ಇಲ್ಲ. ಫೋನ್ ಕಿವಿಗಿಟ್ಟುಕೊಂಡೇ ಅತ್ತುಬಿಟ್ಟೆ. ಆ ಹುಡುಗಿ ಪಾಪ ಕಾದಳು.

ಕೆಂಚಿ ಎಂದು ಒಂದು ನಾಯಿ ಇತ್ತಲ್ಲಮ್ಮಾ ಎಂದು ಕೇಳಿದೆ.

"ಐತಲ್ಲ ಮೇಡಂ, ಇಲ್ಲೇ ಮನ್ಗೈತೆ. ಮಾವ ಅದ್ನ ಮಾತ್ರ ಯಾರ್ಗೂ ಕೊಡ್ಲಿಲ್ಲ. ಒಂದ್ ವರ್ಸ ದಿನಾ ಆ ಗುಂಡಿತಾವ ಕರ್ಕೊಂಡೋಗಿ ಮುಂದೆ, ಮುಂದೆ ಅನ್ನೋರಂತೆ. ಅದು ಪ್ರತಿ ಸಲಾನೂ ಒಳೀಕೆ ಇಳ್ದುಬಿಡೋದಂತೆ. ಕೊನೀಗೆ ಮಾವನೇ ಗುಂಡಿ ಮುಚ್ಚಾಕುದ್ರಂತೆ. ಯಾಕಂತ ನಂಗ್ ಗೊತ್ತಿಲ್ಲ, ಮೇಡಂ. ಭಾಳ ಒಳ್ಳೆ ನಾಯಿ, ಒಂದ್ ದಿನಾನೂ ಯಾರ್ ಮಾತೂ ಮೀರಿಲ್ಲ."

ಮನೆಯ ಹತ್ತಿರವೇ ಹೆದ್ದಾರಿಯಿದೆ, ಗೇಟು ತೆಗೆದಿರುವಾಗ ಅವಳನ್ನು ಕಟ್ಟಿಹಾಕಮ್ಮಾ ಎಂದೆ.

"ಯಾಕೆ ಮೇಡಂ, ಅದು ಎಲ್ಲೂ ಓಗಾಕಿಲ್ಲ," ಎಂದಳು ಸೊಸೆ. "ನಾವು ಮುಂದೆ ಅಂದ್ರೇನೇ ಓಗಾದು."